ಓದುಗರ ಪ್ರಶ್ನೆ – ನಮ್ಮ ಉತ್ತರ: ಊರ ಮೈದಾನದಲ್ಲಿ ಫುಟ್‌ಬಾಲ್ ನೋಡುವ ಬಗೆ

ಈ ಸಂಚಿಕೆಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಫುಟ್‌ಬಾಲ್ ಪಂದ್ಯ ನೋಡುವುದಕ್ಕೆ ಸಂಬಂಧಿಸಿದವನ್ನು ಆಯ್ದು ಒಂದೇ ಕಡೆ ಉತ್ತರಿಸಿದ್ದೇವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಕುಟುಂಬದವರು ಒಂದು ಶನಿವಾರವನ್ನು ಪೂರ್ತಿಯಾಗಿ ಯಾವುದೋ ಸಣ್ಣ ಊರಿನ ‘ನಾನ್-ಲೀಗ್’ ಫುಟ್‌ಬಾಲ್ ಪಂದ್ಯ ನೋಡುವುದರಲ್ಲಿ ಕಳೆದರಂತೆ. ಪ್ರೀಮಿಯರ್ ಲೀಗ್ ಇರುವ ದೇಶದಲ್ಲಿ ಜನರು ಇಂಥ ಪಂದ್ಯಕ್ಕೆ ದುಡ್ಡು ಕೊಟ್ಟು ಏಕೆ ಹೋಗುತ್ತಾರೆ? ನನ್ನ ಮಗ ವಾರಾಂತ್ಯದಲ್ಲಿ ಟಿವಿಯ ಮುಂದಿನಿಂದ ಏಳುವುದಿಲ್ಲ. ಅವನನ್ನು ನಮ್ಮೂರಿನ ಪಂದ್ಯಕ್ಕೆ ಕರೆದೊಯ್ದರೆ ಪ್ರಯೋಜನವಿದೆಯೇ? – ಓದುಗರೊಬ್ಬರು, ಕಲಬುರಗಿ

ಉತ್ತರ: ಪ್ರೀಮಿಯರ್ ಲೀಗ್‌ನ 20 ತಂಡಗಳು ಮತ್ತು ಅದರ ಕೆಳಗಿನ ಮೂರು ವಿಭಾಗಗಳ ತಲಾ 24 ತಂಡಗಳು ಸೇರಿದರೆ ಅಲ್ಲಿನ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳಾಗುತ್ತವೆ. ಐದನೆಯ ಹಂತದ ನ್ಯಾಷನಲ್ ಲೀಗ್‌ನಿಂದ ಹಿಡಿದು ಹಳ್ಳಿಯ ಹುಲ್ಲಿನ ಬಯಲಿನಲ್ಲಿ ಆಡುವ ತಂಡದವರೆಗೆ ಅದರ ಕೆಳಗಿರುವುದೆಲ್ಲವೂ ನಾನ್-ಲೀಗ್. ಅಲ್ಲಿನ ಬಹುಪಾಲು ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು. ಆದರೆ ಅದನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಗೆದ್ದ ತಂಡಕ್ಕೆ ಮೇಲಿನ ಹಂತದ ಬಾಗಿಲು ತೆರೆದಿರುತ್ತದೆ. ಹಿಂದೆ ನಾಲ್ಕನೆಯ ಹಂತಕ್ಕೆ ಏರಬೇಕಾದರೆ ಮೇಲಿನ ಕ್ಲಬ್‌ಗಳ ಮತ ಬೇಕಾಗುತ್ತಿತ್ತು. 1986-87ರ ಋತುವಿನಿಂದ ಅಂಕಪಟ್ಟಿಯಲ್ಲಿ ಮೊದಲಿಗನಾದವನು ನೇರವಾಗಿ ಏರುವ ಪದ್ಧತಿ ಬಂದಿತು. ವ್ರೆಕ್ಸ್‌ಹ್ಯಾಮ್ ಕ್ಲಬ್ 2008ರಲ್ಲಿ ನಾನ್-ಲೀಗ್‌ಗೆ ಜಾರಿ, ಮರಳಿ ಮೇಲೆ ಬರಲು 2023ರವರೆಗೆ ಕಾಯಬೇಕಾಯಿತು. ನಿಮ್ಮ ಮಗನಿಗೆ ಜೇಮೀ ವಾರ್ಡಿಯ ಹೆಸರು ಖಂಡಿತ ಗೊತ್ತಿರುತ್ತದೆ. ಕಾರ್ಖಾನೆಯಲ್ಲಿ ದುಡಿಯುತ್ತ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಸಣ್ಣ ತಂಡಕ್ಕೆ ಆಡುತ್ತಿದ್ದ ಆತ 2012ರಲ್ಲಿ ಲೆಸ್ಟರ್ ಸೇರಿ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ತಂಡದಲ್ಲಿದ್ದನು. ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಕ್ಲಬ್ ಎಂದು ಮನ್ನಣೆ ಪಡೆದ, 1857ರಲ್ಲಿ ಸ್ಥಾಪನೆಯಾದ ಶೆಫೀಲ್ಡ್ ಎಫ್‌ಸಿ ಇಂದಿಗೂ ಆಡುತ್ತಿರುವುದು ನಾನ್-ಲೀಗ್‌ನಲ್ಲಿಯೇ.

ಜನರು ಹೋಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ನಿಮ್ಮ ಮನೆಯ ಟಿವಿಗೂ ಸಂಬಂಧಿಸಿದೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯದ ನೇರಪ್ರಸಾರ ಮಾಡುವಂತಿಲ್ಲ. ದೊಡ್ಡ ತಂಡಗಳ ಪ್ರಸಾರದಿಂದ ಸಣ್ಣ ಮೈದಾನಗಳು ಖಾಲಿಯಾಗಬಾರದೆಂದು 1960ರ ದಶಕದಿಂದ ನಡೆದುಬಂದ ಏರ್ಪಾಡು ಇದು. ಮೂರು ಗಂಟೆಗೆ ಶುರುವಾಗುವ ಆ ಪಂದ್ಯಗಳು ಹೊರದೇಶಗಳಲ್ಲಿ ಮಾತ್ರ ಕಾಣುತ್ತವೆ. ಹೀಗಾಗಿ ಅಲ್ಲಿನ ಹುಡುಗನು ತನ್ನ ಮನೆಯಲ್ಲಿ ಕುಳಿತು ನೋಡಲಾಗದ ಪಂದ್ಯವನ್ನು ಕಲಬುರಗಿಯ ಹುಡುಗನು ಚಳಿಗಾಲದಲ್ಲಿ ರಾತ್ರಿ 8.30ಕ್ಕೆ, ಬೇಸಿಗೆಯಲ್ಲಿ 7.30ಕ್ಕೆ ನೇರವಾಗಿ ನೋಡುತ್ತಾನೆ. ನಮ್ಮ ಊರ ಪಂದ್ಯಗಳು ಕತ್ತಲಾಗುವ ಮೊದಲೇ ಮುಗಿಯುತ್ತವೆಯಾದ್ದರಿಂದ ಎರಡಕ್ಕೂ ತಿಕ್ಕಾಟವೇ ಇಲ್ಲ. ಟಿವಿಯ ನೆಪ ನಿಮ್ಮ ಮಗನಿಗೆ ಸಿಗುವುದಿಲ್ಲ ಎಂಬುದನ್ನು ಅವನಿಗೆ ಸಮಾಧಾನವಾಗಿ ತಿಳಿಸಿ.

ನಮ್ಮಲ್ಲಿ ಇಂಗ್ಲೆಂಡಿನಂಥ ಏಣಿ ಇನ್ನೂ ಪೂರ್ತಿಯಾಗಿಲ್ಲ. ದೇಶದ ಮೇಲಿನ ಹಂತದ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಆರಂಭವಾದರೂ, ಕೆಳಗಿನ ಐ-ಲೀಗ್ ಗೆದ್ದು ಅದಕ್ಕೆ ಏರಿದ ಮೊದಲ ತಂಡವನ್ನು, ಅಂದರೆ ಪಂಜಾಬ್ ಎಫ್‌ಸಿಯನ್ನು, ಕಾಣಲು 2023ರವರೆಗೆ ಕಾಯಬೇಕಾಯಿತು. ರಾಜ್ಯದ ಸೂಪರ್ ಡಿವಿಷನ್ ಲೀಗ್ ಬಹುಮಟ್ಟಿಗೆ ಬೆಂಗಳೂರಿನ ಮೈದಾನಗಳಲ್ಲಿಯೇ ನಡೆಯುತ್ತದೆ. ನಮ್ಮ ಕಡೆಯ ಫುಟ್‌ಬಾಲ್ ಎಂದರೆ ಹೆಚ್ಚಾಗಿ ಟೂರ್ನಮೆಂಟ್: ಸೋತ ತಂಡ ಅಂದೇ ಮನೆಯ ದಾರಿ ಹಿಡಿಯುತ್ತದೆ. ಅದರಿಂದ ಆಟಕ್ಕೆ ನಷ್ಟವಿದೆ, ಏಕೆಂದರೆ ಒಂದು ತಂಡವು ಋತುವಿಡೀ ಕೂಡಿ ಆಡಿದರಷ್ಟೇ ಬೆಳೆಯುವ ಹೊಂದಾಣಿಕೆ ಇಲ್ಲಿ ಬೆಳೆಯುವುದು ಕಷ್ಟ. ನೋಡುವವನಿಗೆ ಮಾತ್ರ ಲಾಭ. ಪ್ರತಿಯೊಂದು ಪಂದ್ಯವೂ ಅಂದೇ ಇತ್ಯರ್ಥವಾಗಬೇಕು. ಕರೆದೊಯ್ಯಿರಿ, ಪ್ರಯೋಜನವಿದೆ. ಆದರೆ ಅಲ್ಲಿಗೆ ಹೋಗಿ ಟಿವಿಯನ್ನು ಹುಡುಕಬಾರದು. ಹೇಗೆಂಬುದನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇವೆ.

ಪ್ರಶ್ನೆ: ಒಮ್ಮೆ ಗೆಳೆಯರೊಂದಿಗೆ ಮೈದಾನಕ್ಕೆ ಹೋಗಿದ್ದೆ. ರಿಪ್ಲೇ ಇಲ್ಲ, ಕಾಮೆಂಟರಿ ಇಲ್ಲ, ಯಾರು ಗೋಲು ಹೊಡೆದರೆಂಬುದೂ ತಿಳಿಯಲಿಲ್ಲ. ಲೈನ್ಸ್‌ಮನ್ ಬಾವುಟ ಎತ್ತಿದಾಗಲೆಲ್ಲ ಜನರು ಕೂಗಾಡಿದರು. ಏನನ್ನು ನೋಡಬೇಕು, ಎಲ್ಲಿ ಕೂರಬೇಕು? – ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಾವೂ ಅದನ್ನೇ ರೂಢಿ ಮಾಡಿಕೊಂಡಿದ್ದೇವೆ. ಮೈದಾನದಲ್ಲಿ ಕುಳಿತವನಿಗೆ ಇಪ್ಪತ್ತೆರಡು ಜನರೂ ಒಟ್ಟಿಗೆ ಕಾಣುತ್ತಾರೆ. ಚೆಂಡು ಎಡಬದಿಯಲ್ಲಿರುವಾಗ ಬಲಬದಿಯ ಡಿಫೆಂಡರ್ ಒಳಗೆ ಸರಿದು ಜಾಗ ಮುಚ್ಚುವುದು, ಫಾರ್ವರ್ಡ್ ಆಟಗಾರ ಚೆಂಡು ಸಿಗದೆಂದು ಗೊತ್ತಿದ್ದೂ ಓಡಿ ಇಬ್ಬರನ್ನು ತನ್ನೊಡನೆ ಸೆಳೆದೊಯ್ಯುವುದು, ಗೋಲಿ (ಗೋಲ್‌ಕೀಪರ್) ತನ್ನ ತಂಡ ದಾಳಿ ಮಾಡುತ್ತಿರುವಾಗ ಎಷ್ಟು ಮುಂದೆ ಬಂದು ನಿಲ್ಲುತ್ತಾನೆಂಬುದು – ಇವೆಲ್ಲ ಪರದೆಯ ಹೊರಗೇ ಉಳಿಯುವ ಸಂಗತಿಗಳು. ಮೊದಲ ಹತ್ತು ನಿಮಿಷ ಚೆಂಡನ್ನು ಬಿಟ್ಟು ಒಬ್ಬನೇ ಆಟಗಾರನನ್ನು, ಸಾಧ್ಯವಾದರೆ ಮಧ್ಯದಲ್ಲಿ ಆಡುವವನನ್ನು, ನೋಡಿ. ಅವನು ಚೆಂಡು ಕಾಲಿಗೆ ಬರುವ ಮೊದಲು ಎಷ್ಟು ಸಲ ಹಿಂದಿರುಗಿ ನೋಡುತ್ತಾನೆಂಬುದರಿಂದಲೇ ಅವನ ಮಟ್ಟ ತಿಳಿಯುತ್ತದೆ.

ಕಿವಿಯನ್ನೂ ಬಳಸಬೇಕು. ಸಾವಿರಾರು ಜನರಿಲ್ಲದ ಮೈದಾನದಲ್ಲಿ ಆಟಗಾರರ ಮಾತು ಗೆರೆಯ ಹೊರಗೆ ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಕಡೆ ಒಂದೇ ತಂಡದಲ್ಲಿ ಗೋಲಿ ‘ಹಿಂದ ಅದಾನ ನೋಡೋ’ ಎಂದರೆ ಬ್ಯಾಕ್ ಆಡುವವನು ‘ಛೋಡ್, ಛೋಡ್’ ಎನ್ನುತ್ತಾನೆ, ಕೋಚ್ ‘ಮ್ಯಾನ್ ಆನ್’ (ಎದುರಾಳಿ ಬೆನ್ನಿಗಿದ್ದಾನೆ) ಎಂದು ಅರಚುತ್ತಾನೆ. ಮೂರೂ ಎಲ್ಲರಿಗೂ ಅರ್ಥವಾಗುತ್ತವೆ. ಯಾರು ಹೆಚ್ಚು ಮಾತನಾಡುತ್ತಾನೋ ಆ ತಂಡವನ್ನು ನಡೆಸುವವನು ಬಹುಶಃ ಅವನೇ, ತೋಳಿಗೆ ಕ್ಯಾಪ್ಟನ್ ಪಟ್ಟಿ ಬೇರೆಯವನು ಕಟ್ಟಿಕೊಂಡಿದ್ದರೂ ಸರಿ.

ಈಗ ಲೈನ್ಸ್‌ಮನ್ ಬಾವುಟ ಎತ್ತಿ ತೋರಿಸುವ ಆಫ್‌ಸೈಡ್. ಎದುರಾಳಿಯ ಅರ್ಧದಲ್ಲಿರುವ ಆಟಗಾರನ ತಲೆ, ಮುಂಡ ಅಥವಾ ಕಾಲಿನ ಯಾವುದೇ ಭಾಗವು ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಕೈ ಮತ್ತು ತೋಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1925ರವರೆಗೆ ಮುಂದೆ ಮೂವರು ಎದುರಾಳಿಗಳು ಇರಬೇಕೆಂಬ ನಿಯಮವಿತ್ತು. ಗೋಲುಗಳು ತೀರ ಕಡಿಮೆಯಾದುದರಿಂದ ಅದನ್ನು ಇಬ್ಬರಿಗೆ ಇಳಿಸಿದರು. ಜನರು ಕೂಗಾಡುವುದು ಸಾಮಾನ್ಯವಾಗಿ ಎರಡು ವಿಷಯಗಳನ್ನು ಮರೆಯುವುದರಿಂದ. ಒಂದು, ಅಳೆಯಬೇಕಾದ ಕ್ಷಣ ಜೊತೆಗಾರನು ಪಾಸ್ ಒದ್ದ ಕ್ಷಣವೇ ಹೊರತು ಚೆಂಡು ಇವನಿಗೆ ತಲುಪಿದ ಕ್ಷಣವಲ್ಲ; ವೇಗದ ಹುಡುಗನೊಬ್ಬ ಆ ಎರಡರ ನಡುವೆ ಐದಾರು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತಾನೆ. ಇನ್ನೊಂದು, ಆ ಸ್ಥಾನದಲ್ಲಿ ಸುಮ್ಮನೆ ನಿಂತಿರುವುದು ತಪ್ಪಲ್ಲ, ಆಟದಲ್ಲಿ ಭಾಗಿಯಾದರೆ ಮಾತ್ರ ತಪ್ಪು. ಥ್ರೋ, ಗೋಲ್ ಕಿಕ್ ಮತ್ತು ಕಾರ್ನರ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಇಲ್ಲವೇ ಇಲ್ಲ.

ಇದನ್ನು ಸರಿಯಾಗಿ ನೋಡಲು ಮಧ್ಯಗೆರೆಯ ಗಣ್ಯರ ಕುರ್ಚಿಗಳ ಪಕ್ಕ ಕೂರಬೇಡಿ. ಗೋಲುಗೆರೆಯಿಂದ ಪೆನಾಲ್ಟಿ ಪ್ರದೇಶದ ಗೆರೆ 16.5 ಮೀಟರ್ ದೂರದಲ್ಲಿರುತ್ತದೆ. ಅದಕ್ಕಿಂತ ಸ್ವಲ್ಪ ಮಧ್ಯದ ಕಡೆಗೆ, ಪಕ್ಕದ ಗೆರೆಯ ಹೊರಗೆ ಜಾಗ ಮಾಡಿಕೊಳ್ಳಿ. ಲೈನ್ಸ್‌ಮನ್ ಆ ಅರ್ಧದಲ್ಲಿ ಕೊನೆಯಿಂದ ಎರಡನೆಯ ಡಿಫೆಂಡರ್‌ನ ಸಾಲಿನಲ್ಲಿಯೇ ಚಲಿಸುವುದರಿಂದ, ಅವನ ಬೆನ್ನ ಹಿಂದೆ ನಿಂತರೆ ಅವನಿಗೆ ಕಂಡದ್ದು ನಿಮಗೂ ಕಾಣುತ್ತದೆ. ಅಲ್ಲಿ ಕೆಲವು ನಿಮಿಷ ನಿಂತವರು ಆಮೇಲೆ ಅವನನ್ನು ಬಯ್ಯುವುದು ಕಡಿಮೆ. ಇಂಗ್ಲೆಂಡಿನ ಸಣ್ಣ ಮೈದಾನಗಳಲ್ಲಿ ಪ್ರೇಕ್ಷಕರು ಹಾಫ್ ಟೈಮ್ ಆದೊಡನೆ ನಡೆದು ತಮ್ಮ ತಂಡ ದಾಳಿ ಮಾಡಲಿರುವ ಗೋಲಿನ ಹಿಂದಕ್ಕೆ ಹೋಗುವ ರೂಢಿಯಿದೆ. ನಮ್ಮ ಮೈದಾನಗಳಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲದಿದ್ದರೂ ಜನರು ಕುಳಿತ ಮೆಟ್ಟಿಲನ್ನು ಬಿಡುವುದಿಲ್ಲ. ನೀವು ಏಳಿ.

ಪ್ರಶ್ನೆ: ನಮ್ಮ ಮೈದಾನದಲ್ಲಿ ಹುಲ್ಲಿಲ್ಲ, ಗೋಲಿಗೆ ಬಲೆಯಿಲ್ಲ, ನಟ್ಟನಡುವೆ ಕ್ರಿಕೆಟ್ ಪಿಚ್ ಇದೆ. ಇದನ್ನು ನಿಜವಾದ ಫುಟ್‌ಬಾಲ್ ಎನ್ನಬಹುದೇ? – ಓದುಗರು, ಸೇಡಂ

ಉತ್ತರ: ಬಲೆಯಿಲ್ಲದಿದ್ದರೂ ಪಂದ್ಯ ಪಂದ್ಯವೇ, ನಿಯಮದ ಪ್ರಕಾರ ಬಲೆ ಕಟ್ಟಬಹುದು, ಕಟ್ಟಲೇಬೇಕೆಂದಿಲ್ಲ. ಆದರೆ ಗೋಲಿನ ಕಂಬಗಳ ನಡುವೆ 7.32 ಮೀಟರ್ ಅಗಲ ಮತ್ತು ಅಡ್ಡಪಟ್ಟಿಯವರೆಗೆ 2.44 ಮೀಟರ್ ಎತ್ತರ ಇರಬೇಕು, ನಾಲ್ಕು ಮೂಲೆಗಳಲ್ಲಿ 1.5 ಮೀಟರ್‌ಗಿಂತ ಕಡಿಮೆಯಿಲ್ಲದ ಬಾವುಟದ ಕೋಲು ಇರಬೇಕು. ಒಂದು ತಂಡದಲ್ಲಿ ಏಳು ಜನರಿಗಿಂತ ಕಡಿಮೆಯಿದ್ದರೆ ಆಟ ಶುರುವಾಗುವಂತಿಲ್ಲ. ಬಸ್ಸು ತಡವಾಗುವ ನಮ್ಮ ಕಡೆ ಈ ಕೊನೆಯ ನಿಯಮ ನೆನಪಿನಲ್ಲಿರಲಿ.

ನೆಲದ ವಿಷಯ ಬೇರೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲನ್ನು ಬಿಡುವುದಿಲ್ಲ, ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಕಲ್ಲಿನಂತಾಗುತ್ತದೆ. ಅದರ ಮೇಲೆ 410ರಿಂದ 450 ಗ್ರಾಂ ತೂಕದ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳುವುದು ಕಷ್ಟ. ಉರುಳಿಬರುವ ಪಾಸ್ ರೋಲ್ ಮಾಡಿ ಗಟ್ಟಿಗೊಳಿಸಿದ ಕ್ರಿಕೆಟ್ ಪಿಚ್ಚಿನ ಅಂಚಿಗೆ ತಾಗಿದೊಡನೆ ಮೊಣಕಾಲಿನವರೆಗೆ ಜಿಗಿಯುತ್ತದೆ. ಇಂಥ ನೆಲದಲ್ಲಿ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಕಾಲ ಬುಡಕ್ಕೆ ತಂದುಕೊಳ್ಳುವ ಹುಡುಗನು ಕಂಡರೆ ಅವನನ್ನು ಗಮನಿಸಿ, ಅವನು ಸಾಮಾನ್ಯನಲ್ಲ. ಜಾಣ ತಂಡಗಳು ಆ ಪಿಚ್ಚನ್ನು ತಪ್ಪಿಸಿ ಎರಡು ಬದಿಗಳಿಂದಲೇ ದಾಳಿ ಕಟ್ಟುತ್ತವೆ, ಅನನುಭವಿಗಳು ನಡುವಿನಿಂದಲೇ ನುಗ್ಗುತ್ತಾರೆ. ಪಂದ್ಯದ ಕಾಲುಗಂಟೆಯೊಳಗೆ ಈ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಆದರೆ ಗಟ್ಟಿ ನೆಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಗೋಲಿಯೊಬ್ಬನು ಅದರ ಮೇಲೆ ಅಡ್ಡಲಾಗಿ ಹಾರಿ ಬಿದ್ದು ಏಳುವುದನ್ನು ಹತ್ತಿರದಿಂದ ನೋಡಿದವರು ಯಾರೂ ಹೊಗಳಲಾರರು.

ಪ್ರಶ್ನೆ: ನಮ್ಮ ತಂದೆಯವರು ಹೈದರಾಬಾದ್ ಸಂಸ್ಥಾನದ ಕಾಲದ ಫುಟ್‌ಬಾಲ್ ಬಗ್ಗೆ ಬಹಳ ಹೇಳುತ್ತಿದ್ದರು. ಅದು ನಿಜವಾಗಿಯೂ ಅಷ್ಟು ದೊಡ್ಡದಾಗಿತ್ತೇ, ಇಲ್ಲವೇ ಹಳಬರ ಅಭಿಮಾನವೇ? – ನಿವೃತ್ತ ನೌಕರರು, ಬೀದರ್

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಅತಿಶಯವಿಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಆಗ ದೇಶದ ಫುಟ್‌ಬಾಲಿನಲ್ಲಿ ಹೈದರಾಬಾದಿನದೇ ಮೇಲುಗೈ. ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ತರಬೇತುದಾರರಾದ ಸೈಯದ್ ಅಬ್ದುಲ್ ರಹೀಮ್ ಅವರು ಮೂಲತಃ ಶಾಲಾ ಶಿಕ್ಷಕರು. ಅವರ ಕೈಕೆಳಗೆ ಭಾರತವು 1951ರ ದೆಹಲಿ ಮತ್ತು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅಂದಿನಿಂದ ಇಂದಿನವರೆಗೆ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅಷ್ಟು ಮೇಲೆ ಹೋಗಿಲ್ಲ.

ರಹೀಮ್ ಅವರು ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದು) ಮಾಡದೆ ಬರೀ ಪಾಸ್‌ಗಳಿಂದಲೇ ಆಡಬೇಕಾದ ಪಂದ್ಯಾವಳಿಗಳನ್ನೂ, ಆಟಗಾರನು ತನ್ನ ದುರ್ಬಲ ಕಾಲನ್ನೇ ಬಳಸಬೇಕಾದ ಪಂದ್ಯಾವಳಿಗಳನ್ನೂ ಹೈದರಾಬಾದಿನಲ್ಲಿ ಏರ್ಪಡಿಸುತ್ತಿದ್ದರು. ನಮ್ಮ ಟೂರ್ನಮೆಂಟ್‌ಗಳನ್ನು ನಡೆಸುವವರು ಟ್ರೋಫಿಯ ಎತ್ತರವನ್ನು ಹೆಚ್ಚಿಸುವ ಬದಲು ಮಕ್ಕಳ ವಿಭಾಗದಲ್ಲಿ ಇಂಥದೊಂದನ್ನು ಮಾಡಿ ನೋಡಬಾರದೇಕೆ? ಅದಕ್ಕೆ ಪ್ರತ್ಯೇಕ ಖರ್ಚೂ ಇಲ್ಲ.

1956-57 ಮತ್ತು 1957-58ರಲ್ಲಿ ಹೈದರಾಬಾದ್ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆಲ್ಲುವ ಹೊತ್ತಿಗೆ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಭಾಷೆಯ ದೃಷ್ಟಿಯಿಂದ ಮನೆಗೆ ಬಂದೆವು. ಫುಟ್‌ಬಾಲಿನ ದೃಷ್ಟಿಯಿಂದ ಹತ್ತಿರದ ಕೇಂದ್ರ ದೂರವಾಗಿ, ದೂರದ ಬೆಂಗಳೂರು ಕೇಂದ್ರವಾಯಿತು. ಮೈಸೂರು ತಂಡವೂ ಸಣ್ಣದಲ್ಲ, ಅದು 1968-69ರ ಹೊತ್ತಿಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಅನಂತರದ ಗೆಲುವು ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಪ್ರಶ್ನೆ: ನಮ್ಮ ಶಾಲೆಯ ಹೆಣ್ಣುಮಕ್ಕಳನ್ನು ಪಂದ್ಯ ನೋಡಲು ಕರೆದೊಯ್ಯಬೇಕೆಂದಿದ್ದೇನೆ. ಬಿಸಿಲು ಮತ್ತು ಇತರ ಅನುಕೂಲಗಳ ಬಗ್ಗೆ ಏನು ಎಚ್ಚರ ವಹಿಸಬೇಕು? – ಶಿಕ್ಷಕಿ, ಶಹಾಪುರ

ಉತ್ತರ: ಒಳ್ಳೆಯ ಆಲೋಚನೆ. ಸಂಜೆಯ ಪಂದ್ಯವಾದರೆ ಮೈದಾನದ ಪಡುವಣ ಬದಿಯಲ್ಲಿ ಕೂರಿಸಿ. ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣು ಕೋರೈಸುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಹೊಸದೇನಲ್ಲವಾದ್ದರಿಂದ ನವೆಂಬರ್‌ನಿಂದ ಫೆಬ್ರವರಿಯೊಳಗಿನ ಪಂದ್ಯವನ್ನೇ ಆರಿಸಿಕೊಳ್ಳಿ. ಸೆಕೆ ಹೆಚ್ಚಿದ್ದರೆ ರೆಫರಿ ನೀರು ಕುಡಿಯಲು ಒಂದು ನಿಮಿಷ, ಮೈ ತಂಪು ಮಾಡಿಕೊಳ್ಳಲು ಒಂದೂವರೆಯಿಂದ ಮೂರು ನಿಮಿಷದವರೆಗೆ ಆಟ ನಿಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಮಕ್ಕಳಿಗೂ ಆಗಲೇ ನೀರು ಕುಡಿಸಿ. ಶೌಚಾಲಯದ ವಿಷಯದಲ್ಲಿ ಸಂಘಟಕರ ಮಾತನ್ನು ನಂಬದೆ ಒಂದು ದಿನ ಮೊದಲು ನೀವೇ ಹೋಗಿ ನೋಡಿಬರುವುದು ಕ್ಷೇಮ. ತೆರೆದಿದೆಯೇ, ನೀರು ಬರುತ್ತದೆಯೇ, ಕೀಲಿ ಯಾರ ಬಳಿ ಇದೆ ಎಂಬ ಮೂರನ್ನೂ ಕೇಳಿ.

ಹೆಣ್ಣುಮಕ್ಕಳಿಗೇಕೆ ಫುಟ್‌ಬಾಲ್ ಎಂದು ಯಾರಾದರೂ ಗೊಣಗಿದರೆ ಅವರಿಗೆ ಇಂಗ್ಲೆಂಡಿನ ಕಥೆ ಹೇಳಿ. 1920ರ ಕ್ರಿಸ್‌ಮಸ್‌ನ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕರ್ ಎಂಬ ಕಾರ್ಖಾನೆಯ ಮಹಿಳೆಯರ ತಂಡ ಆಡಿದ ಪಂದ್ಯಕ್ಕೆ ಸುಮಾರು 53,000 ಜನರು ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು, ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು.

ಪ್ರಶ್ನೆ: ಎರಡೂ ತಂಡಗಳು ನಮ್ಮೂರಿನವಲ್ಲ. ಯಾರ ಪರ ಕೂಗಬೇಕು? – ಓದುಗರು, ಚಿತ್ತಾಪುರ

ಉತ್ತರ: ಮೊದಲ ಗೋಲು ಬಿಟ್ಟುಕೊಟ್ಟವರ ಪರ. ರೆಫರಿಯ ಮನೆಯವರನ್ನು ಮಾತ್ರ ಕೂಗಾಟಕ್ಕೆ ತರಬೇಡಿ.

ಪ್ರಶ್ನೆ: ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಬಂದು ಟೂರ್ನಮೆಂಟಿನ ಫೈನಲ್ ನೋಡಿ ಅದೇ ದಿನ ಮರಳಲು ಸಾಧ್ಯವೇ? – ಓದುಗರು, ಯಾದಗಿರಿ

ಉತ್ತರ: ಎರಡೂ ಊರುಗಳು ಮುಂಬಯಿ–ಚೆನ್ನೈ ಮಾರ್ಗದಲ್ಲಿಯೇ ಇರುವುದರಿಂದ ಧಾರಾಳವಾಗಿ ಸಾಧ್ಯ. ಹೊರಡುವ ಮುನ್ನ ಪಂದ್ಯ ನಡೆಯುವುದು ಜಿಲ್ಲಾ ಕ್ರೀಡಾಂಗಣವಾದ ಚಂದ್ರಶೇಖರ ಪಾಟೀಲ ಸ್ಟೇಡಿಯಂನಲ್ಲೋ ಎನ್.ವಿ. ಮೈದಾನದಲ್ಲೋ ಎಂಬುದನ್ನು ಖಚಿತಪಡಿಸಿಕೊಳ್ಳಿ; ಊರಿನ ಕ್ರೀಡಾ ಸಾಮಗ್ರಿಗಳ ಅಂಗಡಿಯವರಿಗೆ ಇದು ಪತ್ರಿಕೆಗಳಿಗಿಂತ ಮೊದಲೇ ಗೊತ್ತಿರುತ್ತದೆ, ಏಕೆಂದರೆ ಟ್ರೋಫಿ ಕೊಂಡದ್ದು ಅಲ್ಲಿಯೇ. ಬೆಳಿಗ್ಗೆಯೇ ಬಂದರೆ ಬಹಮನಿಗಳ ಕೋಟೆಯನ್ನೂ ಅದರೊಳಗಿನ 1367ರ ಜಾಮಾ ಮಸೀದಿಯನ್ನೂ ನೋಡಿಕೊಂಡು, ಬಜಾರಿನಲ್ಲಿ ತಹರಿ ಉಂಡು ಮೈದಾನಕ್ಕೆ ಹೋಗಲು ಸಮಯವಿರುತ್ತದೆ. ಸುಸಲಾ–ಮಿರ್ಚಿಯ ಗಾಡಿಯ ಬಳಿಗೆ ಹಾಫ್ ಟೈಮ್‌ನ ಸೀಟಿಗಿಂತ ಮೊದಲೇ ಹೋಗಿ. ವಿರಾಮ 15 ನಿಮಿಷ ಮೀರುವಂತಿಲ್ಲ, ಎಣ್ಣೆಯಿಂದ ಮಿರ್ಚಿ ಏಳುವುದಕ್ಕೆ ಅಂಥ ಕಟ್ಟುಪಾಡಿಲ್ಲ.

ಮರಳುವ ರೈಲನ್ನು ಮಾತ್ರ ಲೆಕ್ಕಹಾಕಿ ಆರಿಸಬೇಕು. 45 ನಿಮಿಷಗಳ ಎರಡು ಅವಧಿ ಮತ್ತು ವಿರಾಮ ಸೇರಿ 105 ನಿಮಿಷ. ಅದರ ಮೇಲೆ ರೆಫರಿ ಸೇರಿಸುವ ಸಮಯ. ಸಮಬಲವಾದರೆ ಫೈನಲ್‌ನಲ್ಲಿ ತಲಾ 15 ನಿಮಿಷದ ಎರಡು ಹೆಚ್ಚುವರಿ ಅವಧಿಗಳನ್ನು ಆಡಿಸಬಹುದು, ಬೆಳಕು ಕಡಿಮೆಯಿದ್ದರೆ ನೇರವಾಗಿ ಟೈಬ್ರೇಕರ್‌ಗೆ ಹೋಗಬಹುದು. ಅದರಲ್ಲಿ 11 ಮೀಟರ್ ದೂರದಿಂದ ತಲಾ ಐದು ಒದೆತ, ಅದೂ ಸಮವಾದರೆ ಒಂದೊಂದಾಗಿ ತೀರ್ಮಾನವಾಗುವವರೆಗೆ. ಇವೆಲ್ಲಕ್ಕೂ ಮೊದಲು ಮುಖ್ಯ ಅತಿಥಿಗಳು ಬಂದು ಆಟಗಾರರ ಕೈಕುಲುಕಿ ನಾಲ್ಕು ಮಾತು ಆಡುವುದಿರುತ್ತದೆ, ಅದಕ್ಕೆ ಯಾವ ನಿಯಮಪುಸ್ತಕದಲ್ಲಿಯೂ ಮಿತಿಯಿಲ್ಲ. ಕರಪತ್ರದಲ್ಲಿ ನಾಲ್ಕು ಗಂಟೆ ಎಂದು ಅಚ್ಚಾಗಿದ್ದರೆ ರಾತ್ರಿ ಎಂಟರ ನಂತರದ ರೈಲಿಗೇ ಟಿಕೆಟ್ ತೆಗೆಯಿರಿ.